ಕ್ಲಿಕ್ ಬಂತು, ಜನ ಎಲ್ಲಿ? ಜಿಮ್ ಜಾಹೀರಾತಿನ ಸಿಟಿಆರ್ ಓದುವ ಕ್ರಮ

ಹೋದ ಮಳೆಗಾಲದ ಒಂದು ಸಂಜೆ. ಮುಂಬೈಯ ಮುಲುಂಡ್ ಪಶ್ಚಿಮ. ಸ್ಟೇಷನ್ನಿಂದ ಎಂಟು ನಿಮಿಷ ನಡೆದರೆ ಒಂದು ಮೆಡಿಕಲ್ ಸ್ಟೋರು, ಅದರ ಮೇಲೆ ಜಿಮ್ಮು. ಮಾಲೀಕರು ಉಡುಪಿ ಕಡೆಯವರು. ವಯಸ್ಸಿನಲ್ಲಿ ದೊಡ್ಡವರು, ನಾನು ಅಣ್ಣ ಎಂದೇ ಕರೆಯುವುದು. ಒದ್ದೆ ಕೊಡೆ ಮೂಲೆಗಿಟ್ಟು ತಿರುಗುವಷ್ಟರಲ್ಲಿ ಮೊಬೈಲ್ ನನ್ನ ಮುಖಕ್ಕೆ ಹಿಡಿದರು.

“ನೋಡು ಮಾರಾಯ, ಸಿಟಿಆರ್ ನಾಲ್ಕು ಪರ್ಸೆಂಟ್ ಅಂತೆ. ಭಾರೀ ಒಳ್ಳೆಯದಂತೆ. ಮತ್ತೆ ಜನ ಎಲ್ಲಿ ಉಂಟು?”

ಜಾಹೀರಾತು ನೋಡಿಕೊಳ್ಳುತ್ತಿದ್ದ ಏಜೆನ್ಸಿಯವರು ಕಳಿಸಿದ ರಿಪೋರ್ಟ್ ಅದು. ಸಿಟಿಆರ್ ಅಂದರೆ ಕ್ಲಿಕ್-ಥ್ರೂ ರೇಟ್, ಜಾಹೀರಾತು ಕಂಡದ್ದರಲ್ಲಿ ಎಷ್ಟು ಸಲ ಒತ್ತಿದರು ಎಂಬ ಲೆಕ್ಕ. ಕೌಂಟರಿನ ಮೇಲೆ ಎನ್‌ಕ್ವೈರಿ ರಿಜಿಸ್ಟರ್ ಇತ್ತು. ಆ ವಾರದ ಪುಟದಲ್ಲಿ ಮೂರೇ ಹೆಸರು. ಮೂರರಲ್ಲಿ ಇಬ್ಬರು ಹಳೇ ಸದಸ್ಯರ ಗೆಳೆಯರು, ಜಾಹೀರಾತನ್ನೇ ನೋಡದವರು. ಫೋನಿನಲ್ಲಿ ಹಬ್ಬ, ರಿಜಿಸ್ಟರಿನಲ್ಲಿ ಉಪವಾಸ.

ಅವತ್ತು ರಾತ್ರಿ ಶಟರ್ ಇಳಿಯುವವರೆಗೆ ಕೂತು ಇಬ್ಬರೂ ಆ್ಯಡ್ಸ್ ಮ್ಯಾನೇಜರ್, ಅಂದರೆ ಜಾಹೀರಾತು ಹಾಕುವ, ಲೆಕ್ಕ ತೋರಿಸುವ ಪುಟ, ಬಿಚ್ಚಿ ನೋಡಿದೆವು. ಅಲ್ಲಿಂದ ಮುಂದೆ ಏನೇನು ಬದಲಾಯಿಸಿದೆವೋ ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಡೊಂಬಿವಲಿಯಲ್ಲೋ ಘಾಟ್ಕೋಪರಿನಲ್ಲೋ ಸಣ್ಣ ಜಿಮ್, ಯೋಗ ಕ್ಲಾಸ್, ಜುಂಬಾ ಬ್ಯಾಚ್ ನಡೆಸುವವರಿಗೆ ಇದು ಹಾಗೆಯೇ ಹೊಂದುತ್ತದೆ. ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್ ಜಾಹೀರಾತಿನ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮವರ ದುಡ್ಡು ಹೆಚ್ಚಾಗಿ ಹೋಗುವುದು ಅಲ್ಲಿಗೇ.

ಮೊದಲು, ಯಾವ ಸಿಟಿಆರ್ ಎಂದು ಕೇಳಿ

ಕ್ಲಿಕ್-ಥ್ರೂ ರೇಟ್ ಅಂದರೆ ಜಾಹೀರಾತು ಎಷ್ಟು ಸಲ ಕಾಣಿಸಿತು, ಅದರಲ್ಲಿ ಎಷ್ಟು ಸಲ ಒತ್ತಿದರು ಎನ್ನುವ ಲೆಕ್ಕ. ಸಾವಿರ ಸಲ ಕಾಣಿಸಿ ಹತ್ತು ಸಲ ಒತ್ತಿದರೆ 1 ಪರ್ಸೆಂಟ್. ಹೋಟೆಲ್ ಭಾಷೆಯಲ್ಲಿ ಹೇಳುವುದಾದರೆ, ಬೋರ್ಡ್ ನೋಡಿ ಬಾಗಿಲವರೆಗೆ ಬಂದವರು. ಒಳಗೆ ಬಂದು ಕೂತು ಆರ್ಡರ್ ಕೊಟ್ಟವರು ಬೇರೆ.

ತಮಾಷೆ ಏನೆಂದರೆ ಮೆಟಾದಲ್ಲಿ (ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡರ ಒಡೆಯ ಕಂಪನಿ) ಸಿಟಿಆರ್ ಎರಡು ಇದೆ. ಒಂದರ ಹೆಸರು ‘ಸಿಟಿಆರ್ ಆಲ್’. ಇದರಲ್ಲಿ ಎಲ್ಲ ಕ್ಲಿಕ್ಕೂ ಸೇರುತ್ತದೆ: ಲೈಕ್, ಕಾಮೆಂಟ್, ಶೇರ್, ‘ಸೀ ಮೋರ್’ ಒತ್ತಿದ್ದು, ಪ್ರೊಫೈಲ್ ಚಿತ್ರ ಮುಟ್ಟಿದ್ದು. ಇನ್ನೊಂದು ‘ಲಿಂಕ್ ಸಿಟಿಆರ್’. ನೀವು ಕೊಟ್ಟ ಲಿಂಕ್ ಅಥವಾ ಬಟನ್ ಒತ್ತಿದವರು ಮಾತ್ರ ಇದರಲ್ಲಿ ಬರುತ್ತಾರೆ. ಅಣ್ಣನಿಗೆ ತೋರಿಸಿದ್ದ ನಾಲ್ಕು ಪರ್ಸೆಂಟ್ ಮೊದಲನೆಯದು. ಎರಡನೆಯದು ಒಂದಕ್ಕಿಂತ ಕಡಿಮೆ ಇತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಚೆನ್ನಾಗಿ ಕಾಣುವ ಅಂಕಿ ಆರಿಸಿದ್ದರು, ಅಷ್ಟೇ.

ಹಾಗಾಗಿ ಈಗಲೇ ಒಂದು ಕೆಲಸ ಮಾಡಿ. ಫೋನ್ ಆ್ಯಪ್ ಬಿಟ್ಟು ಕಂಪ್ಯೂಟರಿನಲ್ಲಿ ಆ್ಯಡ್ಸ್ ಮ್ಯಾನೇಜರ್ ತೆರೆಯಿರಿ. ಕಾಲಮ್ಸ್ ಎನ್ನುವಲ್ಲಿ ಕಸ್ಟಮೈಸ್ ಒತ್ತಿ. ಇಂಪ್ರೆಷನ್ಸ್ (ಎಷ್ಟು ಸಲ ಕಾಣಿಸಿತು), ರೀಚ್ (ಎಷ್ಟು ಜನಕ್ಕೆ), ಫ್ರೀಕ್ವೆನ್ಸಿ (ಒಬ್ಬರಿಗೆ ಸರಾಸರಿ ಎಷ್ಟು ಸಲ), ಸಿಪಿಎಂ (ಸಾವಿರ ಸಲ ತೋರಿಸುವ ಖರ್ಚು), ಲಿಂಕ್ ಕ್ಲಿಕ್ಸ್, ಲಿಂಕ್ ಸಿಟಿಆರ್, ಲ್ಯಾಂಡಿಂಗ್ ಪೇಜ್ ವ್ಯೂಸ್ (ಒತ್ತಿದ ಮೇಲೆ ಪುಟ ನಿಜವಾಗಿ ತೆರೆದದ್ದು), ಶುರುವಾದ ವಾಟ್ಸಾಪ್ ಮಾತುಕತೆಗಳ ಸಂಖ್ಯೆ, ಇವಿಷ್ಟು ಸಾಕು. ಉಳಿದದ್ದಕ್ಕೆಲ್ಲ ಟಿಕ್ ತೆಗೆದು ಇದನ್ನೇ ಸೇವ್ ಮಾಡಿಕೊಳ್ಳಿ. ಏಜೆನ್ಸಿ ಇದ್ದರೂ ಅಕೌಂಟ್ ನಿಮ್ಮ ಹೆಸರಿನಲ್ಲೇ ಇರಲಿ, ಅವರಿಗೆ ಕೆಲಸ ಮಾಡುವಷ್ಟು ಅನುಮತಿ ಮಾತ್ರ ಕೊಡಿ. ಅಂಗಡಿ ಕೀಲಿ ಬಾಡಿಗೆಗೆ ಕೊಡುತ್ತೇವಾ?

ಮ್ಯಾಪಿನ ಮೇಲಿನ ವೃತ್ತ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಪ್ರಕಾರ ಮುಂಬೈಯಲ್ಲಿ ಜಿಮ್ ಜಾಹೀರಾತು ಹಾಳಾಗುವುದು ಇಲ್ಲೇ.

ಜಾಹೀರಾತು ಯಾವ ಜಾಗದವರಿಗೆ ಕಾಣಬೇಕು ಎಂದು ಮ್ಯಾಪಿನಲ್ಲಿ ವೃತ್ತ ಎಳೆದು ಹೇಳಬಹುದು. ಅಣ್ಣನ ಜಾಹೀರಾತಿಗೆ ಐದು ಕಿಲೋಮೀಟರ್ ವೃತ್ತ ಹಾಕಿದ್ದರು. ಸ್ಕ್ರೀನಿನಲ್ಲಿ ದೊಡ್ಡ ನೀಲಿ ಚಕ್ರ, ನೋಡಲು ಚೆಂದ. ಆದರೆ ಮುಲುಂಡಿನ ಪಡುವಣಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ. ಅಲ್ಲಿರುವುದು ಚಿರತೆ, ಅದಕ್ಕೆ ಟ್ರೆಡ್‌ಮಿಲ್ ಬೇಡ. ಮೂಡಣಕ್ಕೆ ಹೈವೇ ದಾಟಿದರೆ ಉಪ್ಪಿನ ಗದ್ದೆ, ಆಮೇಲೆ ಖಾಡಿ, ಅಂದರೆ ಸಮುದ್ರದ ಹಿನ್ನೀರು. ಬಡಗಣಕ್ಕೆ ಠಾಣೆ ಶುರು, ಅಲ್ಲಿಯವರಿಗೆ ಅಲ್ಲೇ ಬೀದಿಗೊಂದು ಜಿಮ್ ಇದೆ. ವೃತ್ತದಲ್ಲಿ ನಿಜವಾಗಿ ನಮಗೆ ಬೇಕಾದ ಜನ ಇದ್ದದ್ದು ಒಂದು ಸಣ್ಣ ತುಂಡಿನಲ್ಲಿ.

ಅದರಲ್ಲೂ ರೈಲ್ವೆ ಹಳಿ ಇದೆಯಲ್ಲ! ಮುಲುಂಡ್ ಪೂರ್ವದಿಂದ ಪಶ್ಚಿಮಕ್ಕೆ ದೂರ ಅರ್ಧ ಕಿಲೋಮೀಟರೂ ಇರಲಾರದು. ಆದರೆ ಬೆಳಿಗ್ಗೆ ಐದೂವರೆಗೆ ಸೇತುವೆ ಹತ್ತಿ ಇಳಿದು ಜಿಮ್ಮಿಗೆ ಬರುವವರು ಎಷ್ಟು ಜನ? ಹತ್ತಿಪ್ಪತ್ತು ದಿನ ಬಂದಾರು, ಆಮೇಲೆ ಬಿಟ್ಟಾರು. ಮುಂಬೈಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಲ್ಲ. ಸೇತುವೆ, ಸಿಗ್ನಲ್, ಶೇರ್ ಆಟೋ ಸಾಲು, ಇವುಗಳಲ್ಲಿ ಅಳೆಯಬೇಕು. ಈ ವಿಷಯ ಮೆಟಾಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.

ಹೀಗೆ ಮಾಡಿ. ಈಗಿರುವ ಸದಸ್ಯರ ವಿಳಾಸದ ಪುಸ್ತಕ ತೆಗೆದು, ಒಂದು ವರ್ಷಕ್ಕಿಂತ ಹೆಚ್ಚು ಉಳಿದವರ ಕಟ್ಟಡ ಎಲ್ಲಿದೆ ನೋಡಿ. ಮೂರು ನಾಲ್ಕು ಗುಂಪು ಕಣ್ಣಿಗೆ ಬೀಳುತ್ತದೆ. ಒಂದೊಂದು ಗುಂಪಿನ ಮಧ್ಯೆ ಮ್ಯಾಪಿನಲ್ಲಿ ಪಿನ್ ಹಾಕಿ, ವೃತ್ತ ಒಂದು ಕಿಲೋಮೀಟರಿಗೆ ಇಳಿಸಿ. ಅದಕ್ಕಿಂತ ಚಿಕ್ಕದು ಮಾಡಲು ಬಿಡುವುದಿಲ್ಲ. ಹಳಿಯ ಆಚೆ ಬದಿ ವೃತ್ತದೊಳಗೆ ಬಿದ್ದರೆ ಅಲ್ಲೊಂದು ಪಿನ್ ಹಾಕಿ ‘ಎಕ್ಸ್‌ಕ್ಲೂಡ್’ ಮಾಡಿ, ಅಂದರೆ ಹೊರಗಿಡಿ. ಇನ್ನೊಂದು ಮಾತು. ಆ ಜಾಗದಲ್ಲಿ ವಾಸ ಇರುವವರ ಜೊತೆಗೆ ಇತ್ತೀಚೆಗೆ ಅಲ್ಲಿ ಇದ್ದು ಹೋದವರಿಗೂ ಜಾಹೀರಾತು ಹೋಗುತ್ತದೆ. ಸ್ಟೇಷನ್ ಮೇಲೆಯೇ ಪಿನ್ ಇಟ್ಟರೆ ದಾರಿಹೋಕರಿಗೂ ತೋರಿಸಿದ ಹಾಗೆ. ಪಿನ್ ಸ್ಟೇಷನ್ನಿಂದ ಸ್ವಲ್ಪ ದೂರ ಸರಿಸಿ, ಮನೆಗಳ ಕಡೆಗೆ.

ವಯಸ್ಸು, ಆಸಕ್ತಿ, ಇವೆಲ್ಲ ಮೊದಲಿನಷ್ಟು ಕೈಯಲ್ಲಿಲ್ಲ. ಅಡ್ವಾಂಟೇಜ್ ಪ್ಲಸ್ (ಯಾರಿಗೆ ತೋರಿಸಬೇಕೆಂದು ಮೆಟಾವೇ ಹುಡುಕುವ ವ್ಯವಸ್ಥೆ) ಚಾಲೂ ಇದ್ದರೆ ನೀವು ಬರೆದ ಆಸಕ್ತಿಯನ್ನು ಅದು ಸಲಹೆ ಎಂದು ಮಾತ್ರ ತೆಗೆದುಕೊಳ್ಳುತ್ತದೆ. ಸ್ಥಳ ಮಾತ್ರ ನೀವು ಹೇಳಿದ್ದೇ. ಅದಕ್ಕೇ ವೃತ್ತದ ಮೇಲೆ ಇಷ್ಟು ಹಠ.

ಕನ್ನಡದವರಿಗಷ್ಟೇ ಒಂದು ಜಾಹೀರಾತು ಹಾಕೋಣ ಎಂದು ಅಣ್ಣನಿಗೆ ಆಸೆ ಇತ್ತು. ಭಾಷೆಯ ಆಯ್ಕೆಯಲ್ಲಿ ಕನ್ನಡ ಇದೆ, ನಿಜ. ಆದರೆ ಅದು ಹೆಚ್ಚಾಗಿ ನೋಡುವುದು ಆ್ಯಪ್ ಯಾವ ಭಾಷೆಯಲ್ಲಿದೆ ಎಂದು. ಇಲ್ಲಿ ಮನೆಯಲ್ಲಿ ಕನ್ನಡ, ತುಳು ಮಾತನಾಡುವವರ ಫೋನ್ ಇರುವುದು ಇಂಗ್ಲಿಷಿನಲ್ಲಿ. ಕನ್ನಡ ಆರಿಸಿದರೆ ಸಿಗುವವರು ಬೆರಳೆಣಿಕೆ. ಅದರ ಬದಲು ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಎರಡು ಸಾಲು ಬರೆದರೆ ಪುಕ್ಕಟೆ, ಮತ್ತು ಓದುತ್ತಾರೆ. ಜಾಹೀರಾತಿಗೆ ಮರಾಠಿ, ಹಿಂದಿ ಎರಡೂ ಮಾಡಿ ನೋಡಿ.

ಕ್ಲಿಕ್ ಎಲ್ಲಿಗೆ ಹೋಗಬೇಕು

ಮೆಟಾ ಕೇಳಿದ್ದನ್ನೇ ಕೊಡುತ್ತದೆ. ಜಾಹೀರಾತಿನ ಗುರಿ ‘ಟ್ರಾಫಿಕ್’ ಎಂದು ಆರಿಸಿ ಲಿಂಕ್ ಕ್ಲಿಕ್ ಕೇಳಿದರೆ, ಕಂಡದ್ದನ್ನೆಲ್ಲ ಒತ್ತುವ ಅಭ್ಯಾಸ ಇರುವವರನ್ನು ಹುಡುಕಿ ತಂದು ಕೊಡುತ್ತದೆ. ಸಿಟಿಆರ್ ಮೇಲೇರುತ್ತದೆ, ಟ್ರಯಲ್ ಬ್ಯಾಚ್ ಖಾಲಿ. ಸಣ್ಣ ಜಿಮ್ಮಿಗೆ ನಾನು ಹೇಳುವುದು ವಾಟ್ಸಾಪಿಗೆ ಹೋಗುವ ಜಾಹೀರಾತು. ಮುಂಬೈಯಲ್ಲಿ ಫೀಸ್ ಕೇಳದೆ ಯಾರೂ ಮೆಟ್ಟಿಲು ಹತ್ತುವುದಿಲ್ಲ, ಕೇಳುವುದು ವಾಟ್ಸಾಪಿನಲ್ಲೇ.

ವೆಬ್‌ಸೈಟಿಗೆ ಕಳಿಸುವುದಾದರೆ ಲಿಂಕ್ ಕ್ಲಿಕ್ ಮತ್ತು ಲ್ಯಾಂಡಿಂಗ್ ಪೇಜ್ ವ್ಯೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದಕ್ಕೆ ಸೈಟಿನಲ್ಲಿ ಪಿಕ್ಸೆಲ್ (ಪುಟ ತೆರೆದದ್ದನ್ನು ಮೆಟಾಗೆ ತಿಳಿಸುವ ಸಣ್ಣ ಕೋಡ್) ಇರಬೇಕು. ನೂರು ಕ್ಲಿಕ್ಕಿಗೆ ಅರವತ್ತೇ ವ್ಯೂ ಇದ್ದರೆ, ನಲವತ್ತು ಸಲ ಪುಟ ತೆರೆಯುವಷ್ಟರಲ್ಲಿ ಜನ ಹಿಂದೆ ಹೋಗಿದ್ದಾರೆ. ಲೋಕಲ್ ರೈಲಿನಲ್ಲಿ ಒಂಟಿ ಕೈಯಲ್ಲಿ ಹಿಡಿಕೆ ಹಿಡಿದು ನಿಂತವರು ನಿಮ್ಮ ದೊಡ್ಡ ಸ್ಲೈಡ್‌ಶೋ ಬರುವವರೆಗೆ ಕಾಯುವುದಿಲ್ಲ. ಫಾರ್ಮ್ ತುಂಬಿಸುವುದಾದರೆ ‘ಹೈಯರ್ ಇಂಟೆಂಟ್’ ಆರಿಸಿ. ಕಳಿಸುವ ಮೊದಲು ಇನ್ನೊಮ್ಮೆ ನೋಡಿ ಒಪ್ಪುವ ಒಂದು ಹೆಜ್ಜೆ ಸೇರುತ್ತದೆ, ಸುಮ್ನೆ ಬೆರಳಾಡಿಸಿದವರು ಅಲ್ಲೇ ಉದುರುತ್ತಾರೆ.

ಹಾಗೆಯೇ ‘ಆಡಿಯನ್ಸ್ ನೆಟ್‌ವರ್ಕ್’ ತೆಗೆದುಬಿಡಿ. ಬೇರೆ ಆ್ಯಪ್‌ಗಳ ಒಳಗೆ, ಆಟದ ಮಧ್ಯೆ ಎಲ್ಲ ಜಾಹೀರಾತು ತೋರಿಸುವ ಜಾಗ ಅದು. ಮುಚ್ಚಲು ಹೋಗಿ ಒತ್ತಿದ ಕ್ಲಿಕ್ಕೇ ಜಾಸ್ತಿ. ನಿಮ್ಮ ಅಕೌಂಟಿನಲ್ಲಿ ಬ್ರೇಕ್‌ಡೌನ್ ಒತ್ತಿ ಪ್ಲೇಸ್‌ಮೆಂಟ್ (ಜಾಹೀರಾತು ಕಂಡ ಜಾಗ) ಪ್ರಕಾರ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ.

ಏನು ತೋರಿಸಬೇಕು

ಅಣ್ಣನ ಹಳೇ ಜಾಹೀರಾತಿನಲ್ಲಿ ಒಬ್ಬ ವಿದೇಶಿ ಮಾಡೆಲ್ ಇದ್ದ. ಎಣ್ಣೆ ಹಚ್ಚಿದ ಮೈ, ಹಿಂದೆ ಕಪ್ಪು. ಲೈಕ್ ಬಂದದ್ದು ಅದಕ್ಕೇ. ಹದಿಹರೆಯದ ಹುಡುಗರು ಬೆಂಕಿ ಎಮೋಜಿ ಹಾಕಿದ್ದರು. ಅಣ್ಣನ ಬೆಳಗಿನ ಬ್ಯಾಚಿಗೆ ಬರುವವರು ಬ್ಯಾಂಕಿನವರು, ಇಬ್ಬರು ಟೀಚರ್, ಬೆನ್ನುನೋವಿನ ಒಬ್ಬ ಅಕೌಂಟೆಂಟ್. ಆ ಮಾಡೆಲ್ ನೋಡಿದರೆ ಅವರಿಗೆ ‘ಇದು ನಮ್ಮ ಜಾಗ ಅಲ್ಲ’ ಎನಿಸುತ್ತದೆ, ಅಲ್ವಾ?

ಹೊಸದನ್ನು ನಾವೇ ತೆಗೆದೆವು, ಫೋನಿನಲ್ಲಿ, ಉದ್ದಕ್ಕೆ ಹಿಡಿದು. ಬೆಳಿಗ್ಗೆ 5:25. ಬೀದಿ ದೀಪ ಇನ್ನೂ ಉರಿಯುತ್ತಿದೆ. ಅಣ್ಣ ಬಗ್ಗಿ ಬೀಗ ತೆಗೆದು ಶಟರ್ ಎತ್ತುತ್ತಾರೆ. ಕಬ್ಬಿಣದ ಆ ಕರಕರ ಸದ್ದು ಹಾಗೇ ಇಟ್ಟೆವು. ಕ್ಯಾಮೆರಾ ಮೆಟ್ಟಿಲು ಹತ್ತುತ್ತದೆ. ಗೋಡೆಯ ಮೊಳೆಗೆ ಆಫೀಸ್ ಬ್ಯಾಗು, ಅದರ ಪಕ್ಕ ಇಸ್ತ್ರಿ ಮಾಡಿದ ಅಂಗಿ ಹ್ಯಾಂಗರಿನಲ್ಲಿ. ಟೀಚರ್ ಒಬ್ಬರು ಐದು ಕಿಲೋ ಡಂಬಲ್ ಎತ್ತುತ್ತ ಟ್ರೇನರನ್ನು ಬೈಯುತ್ತಿದ್ದಾರೆ. 6:40ಕ್ಕೆ ಅಂಗಿಯವರು ಬ್ಯಾಗ್ ಹೆಗಲಿಗೇರಿಸಿ ಲೋಕಲ್ ಹಿಡಿಯಲು ಓಡುತ್ತಾರೆ. ಒಟ್ಟು ಇಪ್ಪತ್ತು ಸೆಕೆಂಡ್. ಮೊದಲ ಮೂರು ಸೆಕೆಂಡಿನಲ್ಲೇ ದೊಡ್ಡ ಅಕ್ಷರದಲ್ಲಿ ಜಾಗ ಮತ್ತು ಸಮಯ: ಮುಲುಂಡ್ ವೆಸ್ಟ್, ಬೆಳಿಗ್ಗೆ ಐದೂವರೆಗೆ ಶಟರ್ ಮೇಲೆ. ವಿಡಿಯೋದಲ್ಲಿ ಕಂಡವರೆಲ್ಲರ ಒಪ್ಪಿಗೆ ಬರೆಸಿಕೊಂಡೆವು, ಇದನ್ನು ಮರೆಯಬೇಡಿ.

ತುಂಬ ಜನ ರೀಲ್ಸ್ ನೋಡುವುದು ಸದ್ದಿಲ್ಲದೆ, ಹಾಗಾಗಿ ಅಕ್ಷರ ಬೇಕೇ ಬೇಕು. ರೀಲ್ಸ್, ಸ್ಟೋರಿಗೆ 9:16 ಅಳತೆ, ಫೀಡಿಗೆ 4:5. ಸಿನಿಮಾ ಹಾಡು ಹಾಕಿದ ರೀಲನ್ನು ದುಡ್ಡು ಕೊಟ್ಟು ಬೂಸ್ಟ್ ಮಾಡಲು ಹೋದರೆ ಹಕ್ಕಿನ ತಕರಾರು ಬಂದು ನಿಲ್ಲುತ್ತದೆ. ಶಟರಿನ ಸದ್ದಿಗೆ ಆ ತಕರಾರಿಲ್ಲ.

ಬರಹದಲ್ಲಿ ಕೌಂಟರಿನಲ್ಲಿ ಜನ ಕೇಳುವ ಪ್ರಶ್ನೆಗೇ ಉತ್ತರ ಬರೆಯಿರಿ. ಸ್ಟೇಷನ್ನಿಂದ ಎಷ್ಟು ನಿಮಿಷ? ತಿಂಗಳಿಗೆ ಎಷ್ಟು? ಹೆಂಗಸರಿಗೆ ಬೇರೆ ಬ್ಯಾಚ್ ಇದೆಯಾ? ಸ್ನಾನಕ್ಕೆ ವ್ಯವಸ್ಥೆ ಉಂಟಾ? ಫೀಸ್ ಬರೆದರೆ ಸಿಟಿಆರ್ ಇಳಿಯಬಹುದು. ಇಳಿಯಲಿ. ಅಷ್ಟು ಕೊಡಲಾಗದವರು ಒತ್ತುವುದಿಲ್ಲ, ಆ ಕ್ಲಿಕ್ಕಿನ ದುಡ್ಡು ನಿಮಗೆ ಉಳಿಯಿತು.

ಬರೆಯಬಾರದ್ದೂ ಇದೆ. ‘ನಿಮಗೆ ಹೊಟ್ಟೆ ಬಂದಿದೆಯಾ?’, ‘ದಪ್ಪ ಇದ್ದೀರಾ?’ ಎಂದು ಓದುವವರ ಮೈಯ ಬಗ್ಗೆ ನೇರ ಕೇಳಿದರೆ ಮೆಟಾದ ನಿಯಮಕ್ಕೆ ವಿರುದ್ಧ, ಜಾಹೀರಾತು ತಿರಸ್ಕಾರ ಆಗುತ್ತದೆ. ಮೊದಲು ಹೀಗಿದ್ದರು, ಈಗ ಹೀಗಾದರು ಎಂಬ ಜೋಡಿ ಫೋಟೋಗಳೂ ಸಿಕ್ಕಿಬೀಳುತ್ತವೆ. ‘30 ದಿನಕ್ಕೆ 10 ಕಿಲೋ ಗ್ಯಾರಂಟಿ’ ಎಂದು ಬರೆದರೆ ಮೆಟಾ ಬಿಟ್ಟರೂ ಬೇರೆಯವರು ಬಿಡಲಾರರು. ಜಾಹೀರಾತಿನ ಮೇಲೆ ದೂರು ಕೇಳುವ ಎಎಸ್‌ಸಿಐ 1985ರಿಂದ ಇದೆ, ಅದರ ಕಚೇರಿ ಇದೇ ಮುಂಬೈಯಲ್ಲಿ. ಮೇಲಾಗಿ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಇದೆ.

ಎರಡು ಜಾಹೀರಾತು ಹೋಲಿಸುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ. ವಿಡಿಯೋ ಬದಲಾಯಿಸಿದರೆ ಬರಹ ಅದೇ ಇರಲಿ. ಎರಡೂ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ದೇವರೇ ಹೇಳಬೇಕು.

ಇನ್ನು ಆತುರ. ಸಾವಿರ ಸಲ ಕಾಣಿಸಿ ಒಂದಕ್ಕೆ 10 ಕ್ಲಿಕ್, ಇನ್ನೊಂದಕ್ಕೆ 14 ಬಂತು ಅಂದುಕೊಳ್ಳಿ. ಅಣ್ಣ ತಕ್ಷಣ, “ಎರಡನೆಯದೇ ಇಡುವ” ಎಂದರು. ಬೇಡ. ಇಷ್ಟು ಸಣ್ಣ ಅಂಕಿಯಲ್ಲಿ ನಾಲ್ಕು ಕ್ಲಿಕ್ ಅತ್ತಿತ್ತ ಆಗುವುದು ನಾಣ್ಯ ಚಿಮ್ಮಿದ ಹಾಗೆ. ಹತ್ತು ಸಾವಿರ ಸಲ ಕಾಣಿಸಿ 100 ಮತ್ತು 140 ಬಂದರೆ ಆಗ ನಂಬಬಹುದು. ಮೆಟಾದ ಯಂತ್ರಕ್ಕೂ ಕಲಿಯಲು ಸಮಯ ಬೇಕು. ಒಂದು ಆ್ಯಡ್ ಸೆಟ್ಟಿಗೆ (ಒಂದೇ ವೃತ್ತ, ಒಂದೇ ಗುರಿಯ ಜಾಹೀರಾತುಗಳ ಗುಂಪು) ವಾರಕ್ಕೆ ಸುಮಾರು 50 ಫಲಿತಾಂಶ, ಅಂದರೆ ನೀವು ಕೇಳಿದ ಮೆಸೇಜೋ ಫಾರ್ಮೋ, ಸಿಕ್ಕರೆ ಅದು ಕಲಿಕೆಯ ಹಂತ ದಾಟುತ್ತದೆ. ಮಧ್ಯೆ ಮಧ್ಯೆ ದೊಡ್ಡದಾಗಿ ತಿದ್ದಿದರೆ ಮತ್ತೆ ಮೊದಲಿನಿಂದ ಶುರು. ದಿನಕ್ಕೆ ಮೂರು ಸಲ ಒಳಗೆ ಹೋಗಿ ಬಜೆಟ್ ತಿರುಗಿಸುವವರು ಅನ್ನ ಬೇಯುವ ಮೊದಲು ಮುಚ್ಚಳ ತೆಗೆದು ತೆಗೆದು ನೋಡುವವರ ಹಾಗೆ.

ಸಿಟಿಆರನ್ನು ರಿಜಿಸ್ಟರಿನ ಪಕ್ಕ ಇಡಿ

ಲೆಕ್ಕ ಸುಲಭ ಆಗಲಿ ಎಂದು ನಾನೇ ಮಾಡಿಕೊಂಡ ಅಂಕಿ ಇದು. ಸಿಪಿಎಂ 150 ರೂಪಾಯಿ, ಅಂದರೆ ಸಾವಿರ ಸಲ ತೋರಿಸಲು ಅಷ್ಟು ಖರ್ಚು. ಎರಡು ಜಾಹೀರಾತು, ತಲಾ 20,000 ಸಲ ಕಂಡವು. ಒಂದೊಂದಕ್ಕೆ 3,000 ರೂಪಾಯಿ.

ಮೊದಲನೆಯದರಲ್ಲಿ ಮಾಡೆಲ್. 500 ಲಿಂಕ್ ಕ್ಲಿಕ್, ಸಿಟಿಆರ್ 2.5 ಪರ್ಸೆಂಟ್, ಕ್ಲಿಕ್ಕಿಗೆ 6 ರೂಪಾಯಿ. ಟ್ರಯಲಿಗೆ ನಾಲ್ಕು ಜನ ಬಂದರು, ಒಬ್ಬರು ಫೀಸ್ ಕಟ್ಟಿದರು. ಒಬ್ಬ ಸದಸ್ಯನಿಗೆ 3,000.

ಎರಡನೆಯದರಲ್ಲಿ ಶಟರ್. 180 ಕ್ಲಿಕ್, ಸಿಟಿಆರ್ ಬರೀ 0.9, ಕ್ಲಿಕ್ಕಿಗೆ 16 ರೂಪಾಯಿ ಮೇಲೆ. ಟ್ರಯಲಿಗೆ ಹದಿನೈದು, ಫೀಸ್ ಕಟ್ಟಿದವರು ಆರು. ಒಬ್ಬ ಸದಸ್ಯನಿಗೆ 500.

ಸಿಟಿಆರ್ ಮಾತ್ರ ನೋಡುವವರು ಎರಡನೆಯದನ್ನು ನಿಲ್ಲಿಸಿಬಿಡುತ್ತಾರೆ. ಹಾಗಂತ ಸಿಟಿಆರ್ ದಂಡ ಎಂದು ನಾನು ಹೇಳುತ್ತಿಲ್ಲ. ಅದೇ ವೃತ್ತ, ಅದೇ ಬಗೆಯ ಜಾಹೀರಾತು, ಅದೇ ಗುರಿ ಇದ್ದಾಗ ಸಿಟಿಆರ್ ಏರಿದರೆ ಕ್ಲಿಕ್ ಅಗ್ಗ ಆಗುತ್ತದೆ. 150 ಸಿಪಿಎಂನಲ್ಲಿ 1 ಪರ್ಸೆಂಟ್ ಇದ್ದರೆ ಕ್ಲಿಕ್ಕಿಗೆ 15 ರೂಪಾಯಿ, 2 ಆದರೆ ಏಳೂವರೆ. ಆದರೆ ಯಾರು ಒತ್ತಿದರು ಎನ್ನುವುದು ಆ ಅಂಕಿಯಲ್ಲಿ ಇಲ್ಲ. ಅದು ಕೌಂಟರಿನಲ್ಲಿ ಗೊತ್ತಾಗುವ ವಿಷಯ.

ಅದಕ್ಕೆ ಒಂದು ಸಣ್ಣ ಉಪಾಯ. ವಾಟ್ಸಾಪ್ ಜಾಹೀರಾತಿನಲ್ಲಿ ಮೊದಲೇ ಬರೆದಿಟ್ಟ ಸಂದೇಶ ಹಾಕಬಹುದು. ಒಂದೊಂದು ಜಾಹೀರಾತಿಗೆ ಬೇರೆ ಬೇರೆ ಸಾಲು ಕೊಡಿ. ಶಟರ್ ವಿಡಿಯೋಕ್ಕೆ ‘ಬೆಳಗಿನ ಬ್ಯಾಚ್ ಬಗ್ಗೆ ತಿಳಿಯಬೇಕು’, ಹೆಂಗಸರ ಬ್ಯಾಚಿನ ವಿಡಿಯೋಕ್ಕೆ ‘ಲೇಡೀಸ್ ಟೈಮಿಂಗ್ ಎಷ್ಟು?’ ಮೆಸೇಜ್ ಬಂದಾಗಲೇ ಯಾವ ಜಾಹೀರಾತಿನಿಂದ ಬಂದರು ಎಂದು ತಿಳಿಯುತ್ತದೆ. ರಿಜಿಸ್ಟರಿನಲ್ಲಿ ಹೊಸ ಗೆರೆ ಎಳೆದು ಅದನ್ನು ಬರೆಯಿರಿ. ಅಣ್ಣ ಕೆಂಪು ಪೆನ್ನಿನಲ್ಲಿ ‘ಶ’, ‘ಲೇ’ ಎಂದು ಬರೆಯುತ್ತಾರೆ.

ಮತ್ತೆ, ಉತ್ತರ ಬೇಗ ಕೊಡಿ. ರಾತ್ರಿ ಹತ್ತಕ್ಕೆ ಬಂದ ಮೆಸೇಜಿಗೆ ಮರುದಿನ ಮಧ್ಯಾಹ್ನ ಉತ್ತರ ಕೊಟ್ಟರೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅಷ್ಟು ಹೊತ್ತಿಗೆ ಅವರು ಪಕ್ಕದ ಬೀದಿಯ ಜಿಮ್ಮಿಗೆ ಅಡ್ವಾನ್ಸ್ ಕೊಟ್ಟಿರುತ್ತಾರೆ. ಕೂಡಲೇ ಹೋಗುವ ಒಂದು ಉತ್ತರ ಮೊದಲೇ ಬರೆದಿಡಿ. ಅದರಲ್ಲಿ ಫೀಸ್, ಸಮಯ, ಮ್ಯಾಪ್ ಲಿಂಕ್ ಇರಲಿ.

ತೆರಿಗೆಯ ಒಂದು ಗಂಟು

ಆ್ಯಡ್ಸ್ ಮ್ಯಾನೇಜರ್ ತೋರಿಸುವ ಖರ್ಚು ಜಿಎಸ್‌ಟಿ ಬಿಟ್ಟು. ಬಿಲ್ಲಿನಲ್ಲಿ 18 ಪರ್ಸೆಂಟ್ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲದೆ. ಅಂದರೆ ಜಾಹೀರಾತಿಗೆ ಕಟ್ಟಿದ 18 ಪರ್ಸೆಂಟ್ ವಾಪಸ್ ಹೊಂದಿಸಿಕೊಳ್ಳಲು ಆಗುವುದಿಲ್ಲ. ಮೇಲಿನ 3,000 ನಿಜವಾಗಿ 3,540. ಹಳೇ ಅಭ್ಯಾಸದಲ್ಲಿ ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ.

ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು

ಜನವರಿ ಎಲ್ಲರಿಗೂ ಗೊತ್ತು. ಮುಂಬೈಯಲ್ಲಿ ಇನ್ನೊಂದು ಕಾಲ ಇದೆ, ನವರಾತ್ರಿಗೆ ಮೊದಲಿನ ಒಂದೂವರೆ ತಿಂಗಳು. ಗರ್ಬಾ ಆಡುವವರಿಗೆ ಆಗ ದಮ್ಮು ಬೇಕು, ಚೋಳಿ ಹೊಂದಬೇಕು. ದೀಪಾವಳಿ ಹತ್ತಿರ ಬಂದಂತೆ ಆನ್‌ಲೈನ್ ಅಂಗಡಿಗಳೆಲ್ಲ ಜಾಹೀರಾತಿಗೆ ಮುಗಿಬೀಳುವುದರಿಂದ ಸಿಪಿಎಂ ಏರುತ್ತದೆ, ಆಗ ಕೈ ಬಿಗಿ ಹಿಡಿಯಿರಿ. ಮೇ ತಿಂಗಳಲ್ಲಿ, ಊರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಸಿಗದ ದಿನಗಳಲ್ಲಿ, ನಮ್ಮವರು ಊರಿನಲ್ಲಿರುತ್ತಾರೆ. ಜಾಸ್ತಿ ಸುರಿಯಬೇಡಿ.

ಚಿಕ್ಕ ವೃತ್ತದ ಒಂದು ತೊಂದರೆ, ಅದೇ ಜನಕ್ಕೆ ಅದೇ ವಿಡಿಯೋ ಮತ್ತೆ ಮತ್ತೆ ಕಾಣುತ್ತದೆ. ಫ್ರೀಕ್ವೆನ್ಸಿ ಏರುತ್ತ ಸಿಟಿಆರ್ ಇಳಿಯುತ್ತ ಹೋದರೆ ವಿಡಿಯೋ ಹಳಸಿತು ಎಂದರ್ಥ. ನಾನು ಫ್ರೀಕ್ವೆನ್ಸಿ ನಾಲ್ಕರ ಹತ್ತಿರ ಬಂದಾಗ ಹೊಸದು ತಯಾರು ಇಟ್ಟುಕೊಳ್ಳುತ್ತೇನೆ. ಈಗಾಗಲೇ ಸದಸ್ಯರಾದವರಿಗೆ ತೋರಿಸಿ ದುಡ್ಡು ಕಳೆಯಬೇಡಿ. ಒಪ್ಪಿಗೆ ಕೊಟ್ಟವರ ನಂಬರಿನ ಪಟ್ಟಿ ಏರಿಸಿ ಅವರನ್ನು ಹೊರಗಿಡಬಹುದು.

ಸೋಮವಾರ ಬೆಳಿಗ್ಗೆ ಬ್ಯಾಚ್ ಮುಗಿದ ಮೇಲೆ ಇಪ್ಪತ್ತು ನಿಮಿಷ ಸಾಕು. ಒಂದು ಕೈಯಲ್ಲಿ ರಿಜಿಸ್ಟರ್, ಎದುರಿಗೆ ಕಂಪ್ಯೂಟರ್. ಕ್ಲಿಕ್, ಮೆಸೇಜ್, ಟ್ರಯಲ್, ಫೀಸ್, ನಾಲ್ಕು ಅಂಕಿ ಒಂದೇ ಸಾಲಿನಲ್ಲಿ ಬರೆಯಿರಿ. ಎಲ್ಲಿ ಜನ ಉದುರುತ್ತಿದ್ದಾರೋ ಅಲ್ಲಿ ಮಾತ್ರ ಕೈ ಹಾಕಿ. ಕ್ಲಿಕ್ ಇದ್ದು ಮೆಸೇಜ್ ಇಲ್ಲದಿದ್ದರೆ ಬಟನ್, ಬರಹ ನೋಡಿ. ಮೆಸೇಜ್ ಇದ್ದು ಟ್ರಯಲ್ ಇಲ್ಲದಿದ್ದರೆ ಉತ್ತರ ಕೊಡುವವರನ್ನು ನೋಡಿ. ಟ್ರಯಲಿಗೆ ಬಂದವರು ಫೀಸ್ ಕಟ್ಟದೆ ಹೋದರೆ ಅದು ಜಾಹೀರಾತಿನ ಕಥೆಯಲ್ಲ, ಬಾತ್‌ರೂಮಿನ ನಲ್ಲಿ ಸೋರುತ್ತಿದೆಯಾ ನೋಡಿ.

ಗಣಪತಿ ಹಬ್ಬ ಮುಗಿದ ವಾರ ಅಣ್ಣ ಫೋನ್ ಮಾಡಿದ್ದರು. “ಐದೂವರೆ ಬ್ಯಾಚಿಗೆ ಇನ್ನು ಜಾಗ ಇಲ್ಲ ಮಾರಾಯ, ಆ ಶಟರಿನದ್ದು ಒಮ್ಮೆ ನಿಲ್ಲಿಸು.” ಸಿಟಿಆರ್ ಎಷ್ಟಿತ್ತು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.